ಕ್ಷುಬ್ಧ ಕಾಂತಕ್ಷೇತ್ರಗಳೂ ವಿದ್ಯುತ್ಕಣಗಳ ಶಕ್ತಿಸಂಚಯವೂ

೧

ಹಗಲಿರುಳೆಂಬ ಭೇದವಿಲ್ಲದೆ ಆಕಾಶದ ಎಲ್ಲ ದಿಕ್ಕುಗಳಿಂದಲೂ ಭೂಮಿಯ ಮೇಲೆ ಅತಿಸೂಕ್ಷ್ಮವಾದ ಕಣಗಳ ಮಳೆಯೊಂದು ಎಡೆಬಿಡದೆ ಸುರಿಯುತ್ತಿದೆ. ಕಣ್ಣಿಗೆ ಕಾಣದ, ಮೈಗೆ ತಾಕಿದರೂ ತಿಳಿಯದ ಈ ಮಳೆಗೆ ವಿಶ್ವಕಿರಣಗಳೆಂದು ಹೆಸರು. ೧೯೧೨ನೆಯ ಇಸವಿ ಆಗಸ್ಟ್ ತಿಂಗಳ ೭ನೆಯ ದಿನ ಆಸ್ಟ್ರಿಯಾ ದೇಶದ ವಿಕ್ಟರ್ ಹೆಸ್ ಎಂಬ ಶಾಸ್ತ್ರಜ್ಞರು ಜಲಜನಕ ತುಂಬಿದ ಬೆಲೂನಿನಲ್ಲಿ ಕುಳಿತು ಐದು ಸಾವಿರ ಮೀಟರುಗಳಿಗಿಂತ ಮೇಲಕ್ಕೆ ಏರಿದರು. ತಮ್ಮೊಡನೆ ಒಯ್ದಿದ್ದ ವಿದ್ಯುದ್ದರ್ಶಕಗಳು ನೆಲದ ಮೇಲಿದ್ದಾಗ ಕಳೆದುಕೊಳ್ಳುತ್ತಿದ್ದುದಕ್ಕಿಂತ ಎಷ್ಟೋ ಬೇಗನೆ ತಮ್ಮ ವಿದ್ಯುತ್ತನ್ನು ಅಲ್ಲಿ ಕಳೆದುಕೊಳ್ಳುವುದನ್ನು ಅವರು ಕಂಡರು. ನೆಲದಿಂದ ಹೊರಡುವ ವಿಕಿರಣವೇ ಇದಕ್ಕೆ ಕಾರಣವಾಗಿದ್ದ ಪಕ್ಷದಲ್ಲಿ ಮೇಲೇರಿದಷ್ಟೂ ಅದು ಕುಂದಬೇಕಾಗಿತ್ತು. ಕುಂದದೆ ಹೆಚ್ಚಿತಾದ್ದರಿಂದ ಕಾರಣವು ಮೇಲಿನಿಂದಲೇ ಬರುತ್ತಿರಬೇಕೆಂದು ಅವರು ನಿಶ್ಚಯಿಸಿದರು. ಈ ಶೋಧನೆಗಾಗಿ ಅವರಿಗೆ ೧೯೩೬ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

‘ಕಿರಣ’ವೆಂಬ ಮಾತು ಇಲ್ಲಿ ಯಥಾರ್ಥವಾದುದಲ್ಲ. ೧೯೨೫ರಲ್ಲಿ ಅಮೆರಿಕದ ಮಿಲಿಕನ್ನರು ಈ ಹೆಸರನ್ನು ಬಳಕೆಗೆ ತಂದಾಗ, ಇವು ಬೆಳಕಿನ ಜಾತಿಗೆ ಸೇರಿದ ಅತ್ಯಂತ ತೀಕ್ಷ್ಣವಾದ ಕಿರಣಗಳೆಂದೇ ಅವರ ಅಭಿಪ್ರಾಯವಾಗಿದ್ದಿತು. ಆದರೆ ಭೂಮಿಯೇ ಒಂದು ದೊಡ್ಡ ಅಯಸ್ಕಾಂತವಷ್ಟೆ. ಬೆಳಕು ಅಯಸ್ಕಾಂತಕ್ಕೆ ಮಣಿಯುವುದಿಲ್ಲ, ವಿದ್ಯುತ್ತಿನಿಂದ ಕೂಡಿದ ಕಣವು ಮಣಿಯುತ್ತದೆ. ಭೂಮಧ್ಯರೇಖೆಯ ಹತ್ತಿರ ಈ ಕಿರಣಗಳು ವಿರಳವಾಗಿಯೂ ಧ್ರುವಗಳ ಕಡೆಗೆ ಹೋದಂತೆ ದಟ್ಟವಾಗಿಯೂ ಇರುವುವೆಂದು ೧೯೨೭ರಿಂದ ೧೯೩೨ರವರೆಗೆ ಕ್ಲೇ, ಕಾಂಪ್ಟನ್ ಮೊದಲಾದವರು ಅಳೆದು ತೋರಿಸಿದ ಮೇಲೆ, ಇವು ವಿದ್ಯುತ್ಕಣಗಳೇ ಎಂಬುದು ಸಿದ್ಧವಾಯಿತು. ಈ ಪರೀಕ್ಷೆಗೆ ಬೆಂಗಳೂರು ಬಹಳ ತಕ್ಕ ಸ್ಥಳ. ಭೂಮಿಯ ಕಾಂತಮಧ್ಯರೇಖೆಗೆ ಅದು ಸಮೀಪದಲ್ಲಿರುವುದರಿಂದ ಹೆಚ್ಚು ಶಕ್ತಿಯುಳ್ಳ ಕಣಗಳು ಮಾತ್ರವೇ ಅಲ್ಲಿಯ ಆಕಾಶವನ್ನು ಹೊಗಬಲ್ಲುವು. ೧೯೩೯–೪೦ರಲ್ಲಿ ಮಿಲಿಕನ್ನರೂ ಅವರ ಸಹಾಯಕರೂ ಭಾರತಕ್ಕೆ ಬಂದು ಬೆಂಗಳೂರಿನಲ್ಲಿಯೂ ಉತ್ತರದ ಊರುಗಳಲ್ಲಿಯೂ ಬೆಲೂನುಗಳನ್ನು ಹಾರಿಸಿ ಈ ತಾರತಮ್ಯವನ್ನು ಅಳೆದರು. ಅದೇ ಕಾಲದಲ್ಲಿ ಬೆಂಗಳೂರಿನ ವಿಜ್ಞಾನಮಂದಿರದಲ್ಲಿದ್ದ ಹೋಮಿ ಭಾಭಾ ಅವರು ವಿಶ್ವಕಿರಣಗಳ ಸಂಶೋಧನೆಗೆ ತೊಡಗಿದ್ದರು.

ಹೆಸರು ತಪ್ಪಾದರೂ ರೂಢಿಯ ಬಲದಿಂದ ಉಳಿದುಕೊಂಡಿತು. ಈ ಕಣಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಪ್ರೋಟಾನುಗಳು, ಎಂದರೆ ಜಲಜನಕದ ಪರಮಾಣುಬೀಜಗಳು. ಉಳಿದವುಗಳಲ್ಲಿ ಹೀಲಿಯಮ್ಮಿನ ಬೀಜಗಳು ಹೆಚ್ಚು. ಕಬ್ಬಿಣದವರೆಗಿನ ಭಾರವಾದ ಬೀಜಗಳೂ ಎಲೆಕ್ಟ್ರಾನುಗಳೂ ಸ್ವಲ್ಪ ಭಾಗ.

ಇವುಗಳಲ್ಲಿ ಆಶ್ಚರ್ಯಕರವಾದುದು ಇವುಗಳ ಶಕ್ತಿ. ಒಂದು ವೋಲ್ಟಿನ ವಿದ್ಯುತ್ತಿನ ಇಳಿಜಾರಿನಲ್ಲಿ ಜಾರಿದ ಎಲೆಕ್ಟ್ರಾನು ಪಡೆಯುವ ಶಕ್ತಿಗೆ ಎಲೆಕ್ಟ್ರಾನ್‌ವೋಲ್ಟು ಎಂದು ಹೆಸರು. ಕೊಠಡಿಯ ಗಾಳಿಯಲ್ಲಿ ಓಡಾಡುವ ಅಣುವೊಂದರ ಚಲನಶಕ್ತಿ ಇದರ ಇಪ್ಪತ್ತೈದರಲ್ಲೊಂದು ಭಾಗದಷ್ಟು. ಸಾಮಾನ್ಯವಾದ ವಿಶ್ವಕಿರಣದ ಕಣದಲ್ಲಿ ನೂರು ಕೋಟಿ ಎಲೆಕ್ಟ್ರಾನ್‌ವೋಲ್ಟುಗಳಿಗೂ ಮಿಗಿಲಾದ ಶಕ್ತಿಯಿರುತ್ತದೆ. ೧೯೯೧ರ ಅಕ್ಟೋಬರ್ ೧೫ರಂದು ಅಮೆರಿಕದ ಯೂಟಾ ಪ್ರಾಂತದಲ್ಲಿ ಗುರುತಿಸಲ್ಪಟ್ಟ ಒಂದು ಕಣದ ಶಕ್ತಿ ೩೨ರ ಮುಂದೆ ೧೯ ಸೊನ್ನೆಗಳನ್ನಿಟ್ಟಷ್ಟು ಎಲೆಕ್ಟ್ರಾನ್‌ವೋಲ್ಟುಗಳು. ಒಂದು ಕಿಲೋಗ್ರಾಂ ತೂಕದ ಕಲ್ಲನ್ನು ಐದು ಮೀಟರು ಎತ್ತರದಿಂದ ಬೀಳಿಸಿದರೆ ನೆಲಕ್ಕೆ ತಾಕುವಾಗ ಎಷ್ಟು ಶಕ್ತಿಯಿರುವುದೋ ಸುಮಾರು ಅಷ್ಟು ಶಕ್ತಿ, ಪರಮಾಣುವಿಗಿಂತಲೂ ಎಷ್ಟೋ ಸಣ್ಣದಾದ ಆ ಒಂದೇ ಕಣದಲ್ಲಿ ಅಡಗಿದ್ದಿತು. ಜಿನೀವಾ ನಗರದ ಬಳಿ ಇಪ್ಪತ್ತೇಳು ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ ಮಾನವನು ನಿರ್ಮಿಸಿರುವ ಯಂತ್ರವು ಪ್ರೋಟಾನಿಗೆ ಕೊಡಬಲ್ಲ ಶಕ್ತಿಯು ಇದರ ನಾಲ್ಕು ಕೋಟಿಯಲ್ಲೊಂದು ಭಾಗಕ್ಕೂ ಕಡಮೆ.

ಯಂತ್ರವಿಲ್ಲದ, ಯಂತ್ರಶಿಲ್ಪಿಯಿಲ್ಲದ ಬಯಲು ಆಕಾಶದಲ್ಲಿ ಈ ಶಕ್ತಿ ಎಲ್ಲಿಂದ ಒದಗಿತು? ಈ ಪ್ರಶ್ನೆಗೆ ಕಳೆದ ಮುಕ್ಕಾಲು ಶತಮಾನದಲ್ಲಿ ದೊರೆತ ಉತ್ತರಗಳನ್ನೂ, ಒಂದು ಉತ್ತರವು ಕೈಬಿಟ್ಟುಹೋಗಿ ಮರಳಿ ಬಂದ ಬಗೆಯನ್ನೂ ಮುಂದೆ ವಿವರಿಸಲಾಗುವುದು.

೨

ನಕ್ಷತ್ರಗಳ ನಡುವಣ ಅವಕಾಶವು ಬರಿಯ ಶೂನ್ಯವಲ್ಲ. ಅಲ್ಲಿ ಅತಿ ವಿರಳವಾದ ಅನಿಲವಿದೆ. ಅದರ ಬಹುಭಾಗದಲ್ಲಿ ಪರಮಾಣುಗಳು ಒಡೆದು ಎಲೆಕ್ಟ್ರಾನುಗಳೂ ಧನವಿದ್ಯುತ್ತಿನ ಬೀಜಗಳೂ ಬೇರೆಬೇರೆಯಾಗಿ ಸಂಚರಿಸುತ್ತವೆ. ಇಂಥ ಅನಿಲಕ್ಕೆ ಲಾಂಗ್‌ಮ್ಯೂರ್ ಎಂಬ ಅಮೆರಿಕದ ವಿದ್ವಾಂಸರು ೧೯೨೮ರಲ್ಲಿ ಪ್ಲಾಸ್ಮಾ ಎಂದು ಹೆಸರಿಟ್ಟರು. ಈ ಗ್ರೀಕ್ ಶಬ್ದಕ್ಕೆ ಅಚ್ಚಿನಲ್ಲಿ ಒತ್ತಿ ರೂಪಿಸಿದ ವಸ್ತು ಎಂದು ಅರ್ಥ. ವೈದ್ಯರು ರಕ್ತದ ದ್ರವಭಾಗಕ್ಕೆ ಇದೇ ಹೆಸರನ್ನು ಮೊದಲೇ ಕೊಟ್ಟಿದ್ದರು. ಎರಡಕ್ಕೂ ಹೆಸರು ಒಂದೇ ಆದರೂ ವಸ್ತು ಬೇರೆ ಎಂಬುದನ್ನು ನೆನಪಿನಲ್ಲಿಡತಕ್ಕದ್ದು.

ಈ ಪ್ಲಾಸ್ಮಾದ ಉದ್ದಕ್ಕೂ ಕಾಂತಕ್ಷೇತ್ರವು ಹಬ್ಬಿದೆ. ಅದರ ಬಲ ಅತ್ಯಲ್ಪ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕ್ಷೇತ್ರದ ಲಕ್ಷದಲ್ಲೊಂದು ಪಾಲಿನಷ್ಟು. ಆದರೂ ವಿದ್ಯುತ್ಕಣಕ್ಕೆ ಅದು ಸಾಕು. ಕಣವು ಕಾಂತರೇಖೆಯೊಂದನ್ನು ಸುತ್ತುತ್ತ, ಬಳ್ಳಿಯು ಕಂಬಕ್ಕೆ ಹಬ್ಬುವಂತೆ, ಮುಂದುವರಿಯುತ್ತದೆ. ನೂರು ಕೋಟಿ ಎಲೆಕ್ಟ್ರಾನ್‌ವೋಲ್ಟಿನ ಕಣದ ಸುತ್ತಿನ ತ್ರಿಜ್ಯ ಸುಮಾರು ಒಂದು ಕೋಟಿ ಕಿಲೋಮೀಟರು. ಅದರ ಹತ್ತು ಲಕ್ಷದಷ್ಟು ಶಕ್ತಿಯುಳ್ಳ ಕಣದ ತ್ರಿಜ್ಯ ಸುಮಾರು ಒಂದು ಜ್ಯೋತಿರ್ವರ್ಷ. ಲೌಕಿಕದೃಷ್ಟಿಗೆ ಇವು ಅಪಾರವಾದ ದೂರಗಳು. ಲಕ್ಷ ಜ್ಯೋತಿರ್ವರ್ಷಗಳಷ್ಟು ಅಗಲವಾದ ಆಕಾಶಗಂಗೆಗೆ ಹೋಲಿಸಿದರೆ ಅಲ್ಪವೇ. ಆದುದರಿಂದ ಕಣಗಳು ಹುಟ್ಟಿದೆಡೆಯಿಂದ ನೇರವಾಗಿ ಭೂಮಿಗೆ ಬರುವುದಿಲ್ಲ. ರೇಖೆಗಳ ತೊಡಕಿನಲ್ಲಿ ಅಲೆದಲೆದು ಬರುತ್ತವೆ. ಅವು ಬಂದ ದಿಕ್ಕನ್ನು ನೋಡಿ ಅವುಗಳ ಊರನ್ನು ಹೇಳುವುದು ಸಾಧ್ಯವಾಗದಿರುವುದು ಇದರಿಂದಲೇ.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಕಾಂತಕ್ಷೇತ್ರವು ಕಣವನ್ನು ತಿರುಗಿಸಬಲ್ಲುದೇ ಹೊರತು ಅದರ ವೇಗವನ್ನು ಹೆಚ್ಚಿಸಲಾರದು. ದಾರದ ತುದಿಗೆ ಕಲ್ಲನ್ನು ಕಟ್ಟಿ ತಿರುಗಿಸುವಾಗ ದಾರವು ಕಲ್ಲನ್ನು ಯಾವಾಗಲೂ ಒಳಕ್ಕೆ ಎಳೆಯುತ್ತದೆ. ಕಲ್ಲು ಓಡುವುದು ಅಡ್ಡಕ್ಕೆ. ಎಳೆತವೂ ಓಟವೂ ಒಂದಕ್ಕೊಂದು ಲಂಬವಾಗಿರುವುದರಿಂದ ಎಳೆತದಿಂದ ದಿಕ್ಕು ಬದಲಾಗುತ್ತದೆಯೇ ಹೊರತು ಓಟ ಬದಲಾಗುವುದಿಲ್ಲ. ಕಾಂತಬಲವೂ ಹಾಗೆಯೇ ಕಣದ ಗತಿಗೆ ಯಾವಾಗಲೂ ಲಂಬವಾಗಿಯೇ ಇರುತ್ತದೆ. ಇನ್ನು ವಿದ್ಯುತ್‌ಕ್ಷೇತ್ರವೊಂದು ಕಣವನ್ನು ನೇರವಾಗಿ ಮುಂದಕ್ಕೆ ತಳ್ಳಬಹುದಲ್ಲವೆ ಎಂದರೆ, ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳು ಸ್ವತಂತ್ರವಾಗಿರುವುದರಿಂದ ಅಂಥ ಕ್ಷೇತ್ರವು ತಲೆದೋರಿದೊಡನೆಯೇ ಅವು ಓಡಿಬಂದು ಅದನ್ನು ತಣಿಸಿಬಿಡುತ್ತವೆ. ನಿಶ್ಚಲವಾದ ಪ್ಲಾಸ್ಮಾದಲ್ಲಿ ಹೀಗೆ ಎರಡು ಬಾಗಿಲುಗಳೂ ಮುಚ್ಚಿದಂತಾಯಿತು.

ದಾರವನ್ನು ಹಿಡಿದ ಕೈಯೇ ಚಲಿಸಿದರೆ ಮಾತು ಬೇರೆ. ಕವಣೆ ಬೀಸುವವನು ಕೈಯನ್ನು ಆಡಿಸಿ ಕಲ್ಲಿನ ವೇಗವನ್ನು ಹೆಚ್ಚಿಸುತ್ತಾನೆ. ಅದರಂತೆ ಕಾಂತಕ್ಷೇತ್ರವೇ ಚಲಿಸುತ್ತಿದ್ದರೆ, ಫ್ಯಾರಡೆಯವರು ಕಂಡುಹಿಡಿದ ನಿಯಮದಂತೆ ಅಲ್ಲಿ ವಿದ್ಯುತ್‌ಕ್ಷೇತ್ರವೂ ಉಂಟಾಗುತ್ತದೆ. ಕಣವು ಶಕ್ತಿಯನ್ನು ಪಡೆಯಲು ದಾರಿಯಾಗುತ್ತದೆ. ಸ್ವೀಡನ್ ದೇಶದ ಹಾನೆಸ್ ಆಲ್ವೇನರು ೧೯೪೨ರಲ್ಲಿ ಇದಕ್ಕೆ ತಳಹದಿಯನ್ನು ಹಾಕಿದರು. ಪ್ಲಾಸ್ಮಾ ಹರಿದತ್ತ ಕಾಂತರೇಖೆಗಳೂ ಅದರೊಡನೆ ಸಾಗುವುವು. ರೇಖೆಗಳು ಬಿಗಿದ ತಂಬೂರಿಯ ತಂತಿಗಳಂತೆ ವರ್ತಿಸುವುದರಿಂದ ಅವುಗಳ ಮೇಲೆ ಅಲೆಗಳು ಓಡುವುವು ಎಂಬುದೇ ಅವರ ಸಿದ್ಧಾಂತ. ಈ ಕಾರ್ಯಕ್ಕಾಗಿ ಅವರು ೧೯೭೦ರಲ್ಲಿ ನೊಬೆಲ್ ಬಹುಮಾನಕ್ಕೆ ಪಾತ್ರರಾದರು.

ನಕ್ಷತ್ರಾಂತರದ ಪ್ಲಾಸ್ಮಾ ಸುಮ್ಮನಿರುವುದಿಲ್ಲ. ಸ್ಫೋಟಗೊಂಡ ನಕ್ಷತ್ರಗಳೂ ಬಿಸಿ ನಕ್ಷತ್ರಗಳ ಗಾಳಿಯೂ ಅದನ್ನು ಕಡೆಗೋಲಿನಂತೆ ಕಡೆಯುತ್ತಿರುವುವು. ಇಂಥ ಅವಸ್ಥೆಗೆ ಕ್ಷೋಭೆಯೆಂಬ ಮಾತು ಸೊಗಸಾಗಿ ಒಪ್ಪುತ್ತದೆ. ನೆರೆ ಬಂದ ಹೊಳೆಯಲ್ಲಿ ದೊಡ್ಡ ಸುಳಿಗಳು ಒಡೆದು ಸಣ್ಣವಾಗುವುವು, ಸಣ್ಣವು ಇನ್ನೂ ಸಣ್ಣವಾಗುವುವು, ಕೊನೆಗೆ ನೀರಿನ ಜಿಗುಟಿನಲ್ಲಿ ಲಯವಾಗಿ ಶಾಖವಾಗುವುವು. ರಷ್ಯಾ ದೇಶದ ಕೊಲ್ಮೊಗೊರೊವ್ ಎಂಬ ಗಣಿತಜ್ಞರು ಈ ಇಳಿತಕ್ಕೆ ೧೯೪೧ರಲ್ಲಿ ಒಂದು ನಿಯಮವನ್ನು ಕಂಡುಹಿಡಿದರು. ಸಾಮಾನ್ಯವಾಗಿ ಕ್ಷೋಭೆಯೆಂದರೆ ಶಕ್ತಿಯು ಚೆದುರಿ ಹಾಳಾಗುವ ದಾರಿ. ಹಾಗಿದ್ದಮೇಲೆ ಚೆದುರಿಸುವ ಈ ಕ್ಷೋಭೆಯೇ ಕೆಲವು ಕಣಗಳಲ್ಲಿ ಶಕ್ತಿಯನ್ನು ರಾಶಿಮಾಡುವುದೆಂಬುದು ಹೇಗೆ?

೩

ಇಟಲಿ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಎನ್ರಿಕೊ ಫರ್ಮಿಯವರು ೧೯೪೯ರಲ್ಲಿ ಪ್ರಕಟಿಸಿದ ಲೇಖನವು ಈ ಪ್ರಶ್ನೆಗೆ ಮೊದಲ ಸಮರ್ಪಕವಾದ ಉತ್ತರ. ಆಕಾಶದಲ್ಲಿ ಅನಿಲದ ಮೋಡಗಳು ತಮ್ಮ ಕಾಂತಕ್ಷೇತ್ರಗಳನ್ನು ಹೊತ್ತು ಅತ್ತಿತ್ತ ಅಲೆಯುತ್ತಿವೆ. ಅವುಗಳ ವೇಗ ಸೆಕೆಂಡಿಗೆ ಸುಮಾರು ೩೦ ಕಿಲೋಮೀಟರು. ಅವುಗಳ ನಡುವೆ ಓಡುವ ಕಣದ ವೇಗವೋ ಬೆಳಕಿನದೇ, ಎಂದರೆ ೩ ಲಕ್ಷ ಕಿಲೋಮೀಟರು. ಕಣವು ಮೋಡದ ಕಾಂತಕ್ಷೇತ್ರಕ್ಕೆ ತಾಗಿದಾಗ, ಗೋಡೆಗೆ ಎಸೆದ ಚೆಂಡಿನಂತೆ, ಹಿಂದಿರುಗುತ್ತದೆ. ಮೋಡವು ಎದುರಿಗೆ ಬರುತ್ತಿದ್ದರೆ ಕಣವು ಹೆಚ್ಚಿದ ಶಕ್ತಿಯಿಂದ ಹಿಂದಿರುಗುವುದು. ಮೋಡವು ಮುಂದೆ ಸರಿಯುತ್ತಿದ್ದು ಕಣವು ಹಿಂದಿನಿಂದ ಹೋಗಿ ತಾಗಿದರೆ ಕುಂದಿದ ಶಕ್ತಿಯಿಂದ ಹಿಂದಿರುಗುವುದು.

ಮೇಲುನೋಟಕ್ಕೆ ಲಾಭವೂ ನಷ್ಟವೂ ಸರಿಹೋಗಬೇಕು. ಫರ್ಮಿಯವರು ಕಂಡ ಸೂಕ್ಷ್ಮವೇನೆಂದರೆ, ಎದುರಿನ ಸಂಘಟ್ಟನೆಗಳ ಸಂಖ್ಯೆ ಹಿಂದಿನ ಸಂಘಟ್ಟನೆಗಳಿಗಿಂತ ತುಸು ಹೆಚ್ಚು ಎಂಬುದು. ಹೆದ್ದಾರಿಯಲ್ಲಿ ನಡೆಯುವವನಿಗೆ ಎದುರು ಬರುವ ಗಾಡಿಗಳು ಹೆಚ್ಚಾಗಿ ಸಿಕ್ಕುವುವು. ಅವನ ದಿಕ್ಕಿನಲ್ಲಿಯೇ ಸಾಗುವ ಗಾಡಿಗಳು ಅಷ್ಟಾಗಿ ಸಿಕ್ಕವು. ಎರಡು ಕಡೆಯ ಗಾಡಿಗಳ ಸಂಖ್ಯೆ ಸಮವಾಗಿದ್ದರೂ ಹೀಗೆಯೇ. ಮೇಲಿನ ವೇಗಗಳನ್ನು ಹಿಡಿದು ಲೆಕ್ಕಮಾಡಿದರೆ ೨೦,೦೦೦ ಸಂಘಟ್ಟನೆಗಳಲ್ಲಿ ೧೦,೦೦೧ ಎದುರಿನವು, ೯,೯೯೯ ಹಿಂದಿನವು. ಉಳಿದ ಹೆಚ್ಚಳ ಎರಡು ಮಾತ್ರ. ಒಂದು ಸಂಘಟ್ಟನೆಯಿಂದ ಬರುವ ಲಾಭವಾದರೂ ಹತ್ತುಸಾವಿರದಲ್ಲಿ ಎರಡು ಭಾಗ. ಆದ್ದರಿಂದ ಸರಾಸರಿಗೆ ಪ್ರತಿಯೊಂದು ಸಂಘಟ್ಟನೆಯ ನಿವ್ವಳ ಲಾಭವು ಹತ್ತು ಕೋಟಿಯಲ್ಲಿ ಒಂದೆರಡು ಭಾಗಗಳಿಗೆ ಇಳಿಯುತ್ತದೆ. ಮೋಡದ ವೇಗಕ್ಕೂ ಬೆಳಕಿನ ವೇಗಕ್ಕೂ ಇರುವ ಪ್ರಮಾಣವು ಹತ್ತುಸಾವಿರದಲ್ಲೊಂದು. ಲಾಭವು ಆ ಪ್ರಮಾಣದ ವರ್ಗವನ್ನು ಅನುಸರಿಸುತ್ತದೆ. ಈ ವರ್ಗವೆಂಬ ಮಾತನ್ನು ಮನಸ್ಸಿನಲ್ಲಿಡಬೇಕು. ಈ ಸಿದ್ಧಾಂತದ ಏಳುಬೀಳುಗಳೆಲ್ಲ ಅದರಲ್ಲಿಯೇ ಅಡಗಿವೆ.

ಇದನ್ನೇ ಇನ್ನೊಂದು ದೃಷ್ಟಿಯಿಂದಲೂ ನೋಡಬಹುದು. ಬಿಸಿಯಾದ ಅನಿಲವನ್ನೂ ತಣ್ಣನೆಯ ಅನಿಲವನ್ನೂ ಬೆರಸಿದರೆ ಅಣುಗಳು ಒಂದನ್ನೊಂದು ತಾಗಿ ತಮ್ಮ ಶಕ್ತಿಯನ್ನು ಸಮಪಾಲು ಮಾಡಿಕೊಳ್ಳುತ್ತವೆ. ಮೋಡಗಳನ್ನು ದೊಡ್ಡ ಅಣುಗಳೆಂದು ಭಾವಿಸಿದರೆ ಒಂದೊಂದರ ಚಲನಶಕ್ತಿ ಊಹೆಗೆ ಮೀರಿದುದು. ಅವುಗಳನ್ನು ತಾಗುತ್ತ ಅಲೆಯುವ ಕಣವು ಅವುಗಳೊಡನೆ ಸಮಪಾಲನ್ನು ಪಡೆಯಲು ಹವಣಿಸುತ್ತದೆ; ಆ ಪಾಲು ಎಂದಿಗೂ ದೊರೆಯದು, ಆದರೂ ಏರಿಕೆಯ ಕಡೆಗೇ ಒಲವು ಇರುತ್ತದೆ. ಹೀಗೆ ನೋಡಿದರೆ ಕ್ಷೋಭೆಯಿಂದ ಶಕ್ತಿಸಂಚಯವಾಗುವುದು ಪ್ರಕೃತಿಯ ಸಾಮಾನ್ಯ ನಿಯಮಕ್ಕೆ ವಿರೋಧವಲ್ಲ. ಶಾಖವು ಬಿಸಿಯದರಿಂದ ತಣ್ಣನೆಯದಕ್ಕೆ ಹರಿಯುವ ನಿಯಮವೇ ಇಲ್ಲಿಯೂ ನಡೆಯುತ್ತಿದೆ. ಕಣವು ಗಳಿಸಿದುದನ್ನು ಮೋಡವು ಕಳೆದುಕೊಳ್ಳುತ್ತದೆ; ಲೆಕ್ಕದಲ್ಲಿ ಕೊರತೆಯಿಲ್ಲ.

೪

ಫರ್ಮಿಯವರ ಸಿದ್ಧಾಂತವು ವಿದ್ವಾಂಸರ ಮನಸ್ಸನ್ನು ಸೆಳೆದುದಕ್ಕೆ ಮತ್ತೊಂದು ಕಾರಣವೂ ಉಂಟು. ವಿಶ್ವಕಿರಣಗಳಲ್ಲಿ ಶಕ್ತಿ ಹೆಚ್ಚಿದಂತೆ ಕಣಗಳು ವಿರಳವಾಗುತ್ತವೆ. ಈ ಇಳಿತವು ಆಶ್ಚರ್ಯಕರವಾದಷ್ಟು ಕ್ರಮಬದ್ಧವಾಗಿದೆ. ಒಂದು ಮಿತಿಗಿಂತ ಹೆಚ್ಚು ಶಕ್ತಿಯುಳ್ಳ ಕಣಗಳನ್ನು ಎಣಿಸಿ, ಆ ಮಿತಿಯನ್ನು ಹತ್ತರಷ್ಟು ಮಾಡಿ ಮತ್ತೆ ಎಣಿಸಿದರೆ, ಸಂಖ್ಯೆಯು ಸುಮಾರು ಐವತ್ತರಲ್ಲೊಂದು ಪಾಲಿಗೆ ಇಳಿಯುವುದು. ಇನ್ನೂ ಹತ್ತರಷ್ಟು ಮಾಡಿದರೆ ಮತ್ತೆ ಐವತ್ತರಲ್ಲೊಂದು. ಈ ನಿಯಮವು ೩ರ ಮುಂದೆ ೧೫ ಸೊನ್ನೆಗಳನ್ನಿಟ್ಟಷ್ಟು ಎಲೆಕ್ಟ್ರಾನ್‌ವೋಲ್ಟುಗಳವರೆಗೆ ಹೆಚ್ಚು ಕಡಮೆಯಿಲ್ಲದೆ ನಡೆದು, ಅಲ್ಲಿ ಸ್ವಲ್ಪ ಬಾಗಿ ಇನ್ನೂ ಕಡಿದಾಗುತ್ತದೆ; ಈ ಬಾಗಿಗೆ ಶಾಸ್ತ್ರಜ್ಞರು ಮೊಣಕಾಲೆಂದು ಹೆಸರಿಟ್ಟಿದ್ದಾರೆ.

ಇಂಥ ಕ್ರಮವು ಹೇಗೆ ಬರುವುದೆಂಬುದನ್ನು ಒಂದು ಕಲ್ಪಿತ ದೃಷ್ಟಾಂತದಿಂದ ತಿಳಿಯಬಹುದು. ಬಹುಮಂದಿ ಸಮನಾದ ಮೊಬಲಗನ್ನು ಚಕ್ರಬಡ್ಡಿಗೆ ಇಟ್ಟಿದ್ದಾರೆಂದು ಭಾವಿಸಬೇಕು. ಒಂದೊಂದು ಅವಧಿಗೆ ಹಣವು ಇಮ್ಮಡಿಯಾಗುವುದು. ಆದರೆ ಅದೇ ಅವಧಿಯಲ್ಲಿ ನಾಲ್ವರಲ್ಲಿ ಮೂವರು ತಮ್ಮ ಹಣವನ್ನು ತೆಗೆದುಕೊಂಡು ಹೊರಟುಹೋಗುವರು. ಮೊದಲ ಅವಧಿ ಕಳೆದಮೇಲೆ ಇಮ್ಮಡಿ ಹಣವುಳ್ಳವರು ನಾಲ್ಕರಲ್ಲೊಬ್ಬರು. ಎರಡು ಕಳೆದಮೇಲೆ ನಾಲ್ಮಡಿ ಹಣವುಳ್ಳವರು ಹದಿನಾರರಲ್ಲೊಬ್ಬರು. ಮೂರು ಕಳೆದಮೇಲೆ ಎಂಟುಮಡಿಯುಳ್ಳವರು ಅರುವತ್ತನಾಲ್ಕರಲ್ಲೊಬ್ಬರು. ಹಣದ ವರ್ಗವು ಹೆಚ್ಚಿದಂತೆ ಜನರ ಸಂಖ್ಯೆ ಇಳಿಯಿತು. ಬೆಳವಣಿಗೆಯೂ ಗುಣಾಕಾರದಿಂದ, ನಿರ್ಗಮನವೂ ಗುಣಾಕಾರದಿಂದ ಆದರೆ ಇಂಥ ನಿಯಮವು ತಾನಾಗಿಯೇ ಒದಗುವುದು. ಕೆಲವರು ಮಾತ್ರ ಬಹು ಧನಿಕರಾದುದು ಅವರ ಬಡ್ಡಿಯ ದರ ಹೆಚ್ಚಾಗಿದ್ದುದರಿಂದಲ್ಲ. ಅವರು ಹೆಚ್ಚು ಕಾಲ ಉಳಿದುದರಿಂದ. ಫರ್ಮಿಯವರ ಲೆಕ್ಕದಲ್ಲಿ ಬಡ್ಡಿಯೆಂದರೆ ಮೋಡಗಳಿಂದ ಬರುವ ಲಾಭ. ನಿರ್ಗಮನವೆಂದರೆ ಕಣವು ಅನಿಲದ ಬೀಜವೊಂದಕ್ಕೆ ಬಡಿದು ನಾಶವಾಗುವುದು. ಇದಕ್ಕೆ ಸುಮಾರು ಆರು ಕೋಟಿ ವರ್ಷಗಳಾಗುವುವೆಂದು ಅವರು ಎಣಿಸಿದರು.

ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಫರ್ಮಿಯವರ ಸಹೋದ್ಯೋಗಿಗಳಾಗಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರರು ಅವರೊಡಗೂಡಿ ೧೯೫೩ರಲ್ಲಿ, ನಕ್ಷತ್ರಗಳ ಬೆಳಕು ಒಂದು ದಿಕ್ಕಿಗೆ ವಾಲಿರುವ ಪ್ರಮಾಣದಿಂದ ಆಕಾಶಗಂಗೆಯ ಕಾಂತಕ್ಷೇತ್ರದ ಬಲವನ್ನು ಅಳೆಯುವ ರೀತಿಯನ್ನು ತೋರಿಸಿದರು. ಕ್ಷೋಭೆಯು ಹೆಚ್ಚಾದಷ್ಟೂ ಕಾಂತರೇಖೆಗಳು ಓರೆಕೋರೆಯಾಗುವುವು, ಕ್ಷೇತ್ರವು ಬಲವಾಗಿದ್ದಷ್ಟೂ ಅವು ನೆಟ್ಟಗಿರುವುವು ಎಂಬುದು ಅದರ ತತ್ತ್ವ. ಈ ರೀತಿಯು ಇಂದಿಗೂ ಬಳಕೆಯಲ್ಲಿದೆ.

೫

ಇಷ್ಟು ಅಂದವಾದ ಸಿದ್ಧಾಂತಕ್ಕೆ ಆಕ್ಷೇಪಣೆಗಳೂ ಬಂದುವು. ಮೊದಲನೆಯದನ್ನು ಫರ್ಮಿಯವರೇ ಎತ್ತಿ ತೋರಿಸಿದ್ದರು. ನಿಧಾನವಾಗಿ ಓಡುವ ಕಣವು ಅನಿಲದ ಎಲೆಕ್ಟ್ರಾನುಗಳನ್ನು ತಾಗಿ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಈ ನಷ್ಟವು ಮೋಡಗಳಿಂದ ಬರುವ ಲಾಭಕ್ಕಿಂತ ಹೆಚ್ಚು. ಆದುದರಿಂದ ಪ್ರೋಟಾನಿನಲ್ಲಿ ಮೊದಲೇ ಸುಮಾರು ೨೦ ಕೋಟಿ ಎಲೆಕ್ಟ್ರಾನ್‌ವೋಲ್ಟುಗಳ ಬಂಡವಾಳವಿದ್ದಲ್ಲದೆ ವ್ಯಾಪಾರವು ಲಾಭಕ್ಕೆ ತಿರುಗದು. ಭಾರವಾದ ಬೀಜಗಳಿಗೆ ಇನ್ನೂ ಬಹು ಹೆಚ್ಚು ಬೇಕು. ೧೯೪೮ರಲ್ಲಿ ಬೆಲೂನುಗಳಲ್ಲಿ ಕಳುಹಿಸಿದ ಛಾಯಾಫಲಕಗಳಲ್ಲಿ ಅಂಥ ಭಾರವಾದ ಬೀಜಗಳ ಜಾಡುಗಳು ಕಂಡುಬಂದಿದ್ದುವು. ತಮ್ಮ ಸಿದ್ಧಾಂತವು ಇವುಗಳಿಗೆ ಸುಲಭವಾಗಿ ಸಮಾಧಾನ ಹೇಳಲಾರದೆಂದು ಅವರು ಲೇಖನದ ಆರಂಭದಲ್ಲಿಯೇ ಒಪ್ಪಿಕೊಂಡರು.

ಎರಡನೆಯ ಆಕ್ಷೇಪಣೆ ಕಾಲವನ್ನು ಕುರಿತದ್ದು. ವಿಶ್ವಕಿರಣಗಳಲ್ಲಿ ಬೆರಿಲಿಯಂ ಧಾತುವಿನ ಒಂದು ಅಸ್ಥಿರವಾದ ಬಗೆಯಿದೆ. ಅದರ ಅರ್ಧಾಯುಷ್ಯ ಸುಮಾರು ೧೪ ಲಕ್ಷ ವರ್ಷಗಳು. ಅದು ಎಷ್ಟು ಉಳಿದಿದೆ, ಎಷ್ಟು ಕಳೆದಿದೆ ಎಂಬುದನ್ನು ಆಕಾಶಯಾನಗಳಲ್ಲಿ ಅಳೆದು ನೋಡಿದಾಗ, ಈ ಕಣಗಳು ಆಕಾಶಗಂಗೆಯಲ್ಲಿ ಅಲೆಯುವ ಕಾಲ ಒಂದೂವರೆ ಕೋಟಿ ವರ್ಷಗಳ ಆಚೀಚೆ ಎಂದು ಗೊತ್ತಾಯಿತು. ವರ್ಷಕ್ಕೊಂದು ಸಂಘಟ್ಟನೆಯೆಂದು ಇಟ್ಟುಕೊಂಡರೆ, ಹತ್ತು ಕೋಟಿಯಲ್ಲಿ ಒಂದೆರಡು ಭಾಗದ ಲಾಭದಿಂದ ಶಕ್ತಿಯು ಇಮ್ಮಡಿಯಾಗುವುದಕ್ಕೇ ಕೋಟಿಗಟ್ಟಲೆ ವರ್ಷಗಳು ಬೇಕು. ಬೆಳೆ ಬಲಿಯುವುದಕ್ಕೆ ಮೊದಲೇ ಸುಗ್ಗಿ ಮುಗಿದಂತಾಯಿತು.

ಮೂರನೆಯದು ಎಲ್ಲಕ್ಕಿಂತ ಬಲವಾದುದು. ಕಾರ್ಬನ್ನಿನಂಥ ಬೀಜಗಳು ದಾರಿಯಲ್ಲಿ ಅನಿಲವನ್ನು ತಾಗಿ ಒಡೆದಾಗ ಬೋರಾನ್ ಧಾತುವಿನ ಬೀಜಗಳು ಹುಟ್ಟುತ್ತವೆ. ಆದುದರಿಂದ ಬೋರಾನಿಗೂ ಕಾರ್ಬನ್ನಿಗೂ ಇರುವ ಪ್ರಮಾಣವನ್ನು ನೋಡಿ ಕಣಗಳು ಎಷ್ಟು ಅನಿಲವನ್ನು ದಾಟಿಬಂದಿವೆ ಎಂದು ಹೇಳಬಹುದು. ಕಣಗಳು ಅಲೆಯುತ್ತಲೇ ಮೆಲ್ಲಮೆಲ್ಲನೆ ಶಕ್ತಿಯನ್ನು ಗಳಿಸುತ್ತಿದ್ದರೆ, ಹೆಚ್ಚು ಶಕ್ತಿಯುಳ್ಳವು ಹೆಚ್ಚು ಕಾಲ ಅಲೆದವುಗಳಾಗಿರಬೇಕು. ಅವುಗಳೊಡನೆ ಬೋರಾನೂ ಹೆಚ್ಚಾಗಿರಬೇಕು. ೧೯೭೦ರ ದಶಕದಿಂದ ನಡೆದ ಅಳತೆಗಳು ತೋರಿಸಿದುದು ಇದಕ್ಕೆ ತದ್ವಿರುದ್ಧ: ಶಕ್ತಿ ಹೆಚ್ಚಿದಂತೆ ಬೋರಾನಿನ ಪ್ರಮಾಣವು ಇಳಿಯುತ್ತದೆ. ಎಂದಮೇಲೆ ಕಣಗಳು ಶಕ್ತಿಯನ್ನು ಮೊದಲು ಎಲ್ಲಿಯೋ ಬೇಗನೆ ಗಳಿಸಿ ಆಮೇಲೆ ಅಲೆಯಲು ಹೊರಟಿರಬೇಕು. ಇಡಿಯ ಆಕಾಶಗಂಗೆಯೇ ಗಳಿಕೆಯ ಕ್ಷೇತ್ರವೆಂಬ ಭಾವನೆಯನ್ನು ಇದರಿಂದ ಬಿಡಬೇಕಾಯಿತು.

೬

ಬೇಗನೆ ಗಳಿಸುವ ಸ್ಥಳ ಯಾವುದು? ಬಾಡೆ ಮತ್ತು ಟ್ಸ್‌ವಿಕ್ಕಿ ಎಂಬವರು ೧೯೩೪ರಲ್ಲಿಯೇ ಮಹಾನಕ್ಷತ್ರಸ್ಫೋಟಗಳ ಕಡೆಗೆ ಬೆರಳು ತೋರಿಸಿದ್ದರು. ಆಕಾಶಗಂಗೆಯಲ್ಲಿ ಶತಮಾನಕ್ಕೆ ಎರಡು ಮೂರು ಇಂಥ ಸ್ಫೋಟಗಳಾಗುವುವು; ಅವುಗಳ ಚಲನಶಕ್ತಿಯ ಹತ್ತರಲ್ಲೊಂದು ಪಾಲು ಕಣಗಳಿಗೆ ಸಂದರೆ ವಿಶ್ವಕಿರಣಗಳ ಖರ್ಚು ತುಂಬುತ್ತದೆ. ಸಂದಾಯವು ಹೇಗೆ ನಡೆಯುವುದೆಂಬುದನ್ನು ೧೯೭೭–೭೮ರಲ್ಲಿ ಕ್ರಿಮ್‌ಸ್ಕಿ, ಆಕ್ಸ್‌ಫರ್ಡ್ ಮೊದಲಾದವರು, ಬೆಲ್, ಬ್ಲಾಂಡ್‌ಫರ್ಡ್ ಮತ್ತು ಓಸ್ಟ್ರೈಕರ್ ಇವರು ಬೇರೆಬೇರೆಯಾಗಿಯೇ ಕಂಡುಹಿಡಿದರು.

ಸ್ಫೋಟದಿಂದ ಹೊರಟ ಅನಿಲವು ಶಬ್ದಕ್ಕಿಂತ ಎಷ್ಟೋ ವೇಗವಾಗಿ ನುಗ್ಗುವುದರಿಂದ ಅದರ ಮುಂದೆ ಆಘಾತತರಂಗವೊಂದು ಏಳುತ್ತದೆ. ತರಂಗದ ಮುಂದಿನ ಅನಿಲದಲ್ಲಿರುವ ಕಣಕ್ಕೆ ಹಿಂದಿನ ಅನಿಲವು ತನ್ನೆದುರಿಗೆ ಬರುತ್ತಿರುವಂತೆ ತೋರುವುದು. ಹಿಂದಿನ ಅನಿಲಕ್ಕೆ ದಾಟಿದ ಕಣಕ್ಕೆ ಮುಂದಿನ ಅನಿಲವು ಎದುರಿಗೆ ಬರುತ್ತಿರುವಂತೆ ತೋರುವುದು. ಯಾವ ಕಡೆಯಿಂದ ದಾಟಿದರೂ ಸಂಘಟ್ಟನೆಯು ಎದುರಿನದೇ. ಒಂದಕ್ಕೊಂದು ಸಮೀಪಿಸುತ್ತಿರುವ ಎರಡು ಗೋಡೆಗಳ ನಡುವೆ ಪುಟಿಯುವ ಚೆಂಡಿನಂತೆ, ಕಣವು ಪ್ರತಿಯೊಂದು ಸಲವೂ ಲಾಭವನ್ನೇ ಪಡೆಯುತ್ತದೆ. ನಷ್ಟದ ಸಂಘಟ್ಟನೆಗಳೇ ಇಲ್ಲವಾದ್ದರಿಂದ ಲಾಭವು ವೇಗಗಳ ಪ್ರಮಾಣವನ್ನೇ ಅನುಸರಿಸುತ್ತದೆ, ಅದರ ವರ್ಗವನ್ನಲ್ಲ. ತರಂಗದ ವೇಗ ಸೆಕೆಂಡಿಗೆ ೬,೦೦೦ ಕಿಲೋಮೀಟರಾದರೆ ಒಂದು ಹೋಗಿಬರುವಿಕೆಗೆ ನೂರಕ್ಕೆ ಎರಡರಷ್ಟು ಲಾಭ. ಹತ್ತು ಕೋಟಿಯಲ್ಲೊಂದೆರಡು ಎಲ್ಲಿ, ನೂರಕ್ಕೆ ಎರಡು ಎಲ್ಲಿ!

ಇನ್ನೊಂದು ಸೊಗಸೂ ಇದೆ. ಫರ್ಮಿಯವರ ಲೆಕ್ಕದಲ್ಲಿ ಇಳಿತದ ಕ್ರಮವು ಬಡ್ಡಿಯ ಕಾಲಕ್ಕೂ ನಿರ್ಗಮನದ ಕಾಲಕ್ಕೂ ಇರುವ ಪ್ರಮಾಣದಿಂದ ನಿರ್ಣಯವಾಗಬೇಕು. ಅದು ಸ್ಥಳಸ್ಥಳಕ್ಕೂ ಬೇರೆಯಾಗಬಹುದು. ಆಘಾತತರಂಗದಲ್ಲಿಯಾದರೋ ಅನಿಲವು ಎಷ್ಟು ಮಡಿ ಒತ್ತರಿಸಲ್ಪಡುವುದೆಂಬುದೊಂದರಿಂದಲೇ ಅದು ನಿರ್ಣಯವಾಗುತ್ತದೆ; ಬಲವಾದ ತರಂಗಗಳಲ್ಲೆಲ್ಲ ಅದು ನಾಲ್ಕು ಮಡಿಯೇ. ಎಲ್ಲ ಸ್ಫೋಟಗಳೂ ಒಂದೇ ಬಗೆಯ ಫಲವನ್ನು ಕೊಡುವುದಕ್ಕೆ ಇದು ಸಹಜವಾದ ಕಾರಣ. ೧೦೦೬ರಲ್ಲಿ ಕಾಣಿಸಿಕೊಂಡ ಸ್ಫೋಟದ ಅವಶೇಷದಿಂದ ಬರುವ ಕ್ಷಕಿರಣಗಳಲ್ಲಿ ಅತಿ ಶಕ್ತಿಯ ಎಲೆಕ್ಟ್ರಾನುಗಳ ಗುರುತು ೧೯೯೫ರಲ್ಲಿ ಸಿಕ್ಕಿತು. ಪ್ರೋಟಾನುಗಳ ಗುರುತು ೨೦೧೩ರಲ್ಲಿ ಎರಡು ಅವಶೇಷಗಳಲ್ಲಿ ಕಂಡುಬಂದಿತು. ಅದನ್ನು ಕಂಡ ಆಕಾಶಯಾನಕ್ಕೆ ಫರ್ಮಿಯವರ ಹೆಸರನ್ನೇ ಇಟ್ಟಿರುವುದು ಉಚಿತವಾಗಿದೆ.

ಇಲ್ಲಿಯೂ ಕ್ಷೋಭೆಯಿಲ್ಲದೆ ಕೆಲಸ ನಡೆಯದೆಂಬುದನ್ನು ಗಮನಿಸಬೇಕು. ತರಂಗವನ್ನು ದಾಟಿದ ಕಣವು ಹಿಂದಿರುಗಬೇಕಾದರೆ ಅದನ್ನು ತಿರುಗಿಸುವ ವಕ್ರವಾದ ಕಾಂತರೇಖೆಗಳು ಅಲ್ಲಿರಬೇಕು. ಆ ವಕ್ರತೆಯನ್ನು ಕಣಗಳೇ ಉಂಟುಮಾಡಿಕೊಳ್ಳುತ್ತವೆಂದು ಬೆಲ್ಲರು ತೋರಿಸಿದರು. ಗುಂಪಾಗಿ ಮುಂದಕ್ಕೆ ನುಗ್ಗುವ ಕಣಗಳು ರೇಖೆಗಳ ಮೇಲೆ ಅಲೆಗಳನ್ನೆಬ್ಬಿಸುತ್ತವೆ. ಆ ಅಲೆಗಳೇ ಅವುಗಳನ್ನು ಮರಳಿ ತರಂಗಕ್ಕೆ ತಳ್ಳುತ್ತವೆ.

೭

ಹೀಗಿದ್ದರೂ ಫರ್ಮಿಯವರ ಹಳೆಯ ಸಿದ್ಧಾಂತವು ಮೂಲೆಗೆ ಬೀಳಲಿಲ್ಲ. ಅದರ ಸೋಲಿಗೆ ಕಾರಣ ಎರಡು: ಮೋಡಗಳ ವೇಗ ಅತ್ಯಲ್ಪ, ದೊರೆತ ಕಾಲವೂ ಅತ್ಯಲ್ಪ. ಇವೆರಡರಲ್ಲೊಂದು ಹೆಚ್ಚಾಗಿರುವ ಸ್ಥಳದಲ್ಲಿ ಅದು ಗೆಲ್ಲಬೇಕು.

ಮೋಡಗಳೆಂಬ ಸ್ಥೂಲವಾದ ಕಲ್ಪನೆಗೆ ಬದಲಾಗಿ ಕ್ಷೋಭೆಯ ಅಲೆಗಳನ್ನೇ ಇಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಕಣದ ಸುತ್ತಿಗಿಂತ ಬಹು ದೊಡ್ಡದಾದ ಅಲೆಯ ಮೇಲೆ ಕಣವು ದೋಣಿಯಂತೆ ಏರಿಳಿದು ಹೋಗುವುದು. ಬಹು ಸಣ್ಣದಾದ ಅಲೆಗಳ ತಳ್ಳುವಿಕೆಗಳು ಒಂದನ್ನೊಂದು ಕಳೆದುಬಿಡುವುವು. ಸುತ್ತಿನ ಅಳತೆಗೆ ಸರಿಸಮನಾದ ಅಲೆಯು ಮಾತ್ರ, ಉಯ್ಯಾಲೆಯನ್ನು ಅದರ ಓಟಕ್ಕೆ ಸರಿಯಾಗಿ ತೂಗುವ ಕೈಯಂತೆ, ಕಣವನ್ನು ಬಲವಾಗಿ ತಾಕುವುದು. ಕ್ಷೋಭೆಯಲ್ಲಿ ಎಲ್ಲ ಅಳತೆಯ ಅಲೆಗಳೂ ಇರುವುದರಿಂದ ಪ್ರತಿಯೊಂದು ಕಣಕ್ಕೂ ತಕ್ಕ ಅಲೆಯು ಸಿಕ್ಕುವುದೆಂದು ಮೊದಲು ಭಾವಿಸಲಾಗಿದ್ದಿತು. ಆದರೆ ಗೋಲ್ಡ್‌ರೈಕ್ ಮತ್ತು ಶ್ರೀಧರ್ ಅವರು ೧೯೯೫ರಲ್ಲಿ ತೋರಿಸಿದಂತೆ, ಕಾಂತಕ್ಷೇತ್ರವುಳ್ಳ ಕ್ಷೋಭೆಯಲ್ಲಿ ಸುಳಿಗಳು ಸಣ್ಣವಾದಷ್ಟೂ ರೇಖೆಯ ಉದ್ದಕ್ಕೆ ಎಳೆದ ನೂಲಿನಂತೆ ನೀಳವಾಗುತ್ತವೆ. ಅಂಥ ಸುಳಿಗಳು ಕಣವನ್ನು ಚೆನ್ನಾಗಿ ಹಿಡಿಯಲಾರವು. ಆದುದರಿಂದ ಅನಿಲವನ್ನು ಒತ್ತುತ್ತ ಸಡಿಲಿಸುತ್ತ ಸಾಗುವ ಬೇರೊಂದು ಜಾತಿಯ ಅಲೆಗಳಿಗೆ ಈಗ ಹೆಚ್ಚು ಪ್ರಾಶಸ್ತ್ಯ ಬಂದಿದೆ.

ಕಾಲವು ಧಾರಾಳವಾಗಿರುವ ಸ್ಥಳಕ್ಕೆ ಕೋಮಾ ಎಂಬ ಗೆಲಾಕ್ಸಿಗಳ ಸಮೂಹವು ನಿದರ್ಶನ. ಅದು ಸುಮಾರು ೩೦ ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅದರ ನಡುವೆ ಲಕ್ಷಗಟ್ಟಲೆ ಜ್ಯೋತಿರ್ವರ್ಷಗಳ ವಿಸ್ತಾರಕ್ಕೆ ರೇಡಿಯೋ ಅಲೆಗಳನ್ನು ಸೂಸುವ ಮಂದವಾದ ಪ್ರಭೆಯೊಂದು ಹಬ್ಬಿರುವುದು ೧೯೫೯ರಿಂದ ತಿಳಿದಿದೆ. ಇದನ್ನು ಸೂಸುವ ಎಲೆಕ್ಟ್ರಾನುಗಳು ಸುಮಾರು ಹತ್ತು ಕೋಟಿ ವರ್ಷಗಳಲ್ಲಿ ತಮ್ಮ ಶಕ್ತಿಯನ್ನು ಕಳೆದುಕೊಳ್ಳಬೇಕು. ರೇಖೆಗಳ ತೊಡಕಿನಲ್ಲಿ ಅಲೆಯುವ ಅವು ಒಂದು ಮೂಲದಿಂದ ಹೊರಟು ಅಷ್ಟು ಕಾಲದಲ್ಲಿ ಆ ವಿಸ್ತಾರವನ್ನೆಲ್ಲ ತುಂಬುವುದು ಸಾಧ್ಯವಿಲ್ಲ. ಆದುದರಿಂದ ಅವು ಇದ್ದೆಡೆಯಲ್ಲಿಯೇ ಮತ್ತೆಮತ್ತೆ ಶಕ್ತಿಯನ್ನು ಪಡೆಯುತ್ತಿರಬೇಕು. ಗೆಲಾಕ್ಸಿಸಮೂಹಗಳು ಒಂದಕ್ಕೊಂದು ಡಿಕ್ಕಿಹೊಡೆದು ಸೇರುವಾಗ ಏಳುವ ಕ್ಷೋಭೆಯೇ ಆ ಶಕ್ತಿಯ ಮೂಲವೆಂದು ಬಹುಮಂದಿಯ ಅಭಿಪ್ರಾಯ. ಜಪಾನಿನ ಹಿಟೊಮಿ ಎಂಬ ಆಕಾಶಯಾನವು ೨೦೧೬ರಲ್ಲಿ ತನ್ನ ಅಲ್ಪಾಯುಷ್ಯದಲ್ಲಿಯೇ ಪರ್ಸಿಯಸ್ ಎಂಬ ಮತ್ತೊಂದು ಸಮೂಹದ ನಡುವಣ ಅನಿಲದ ಕ್ಷೋಭೆಯನ್ನು ಅಳೆಯಿತು. ಅದರ ವೇಗ ಸೆಕೆಂಡಿಗೆ ಸುಮಾರು ೧೬೪ ಕಿಲೋಮೀಟರು.

ವೇಗವು ಹೆಚ್ಚಾಗಿರುವ ಸ್ಥಳಗಳೂ ಉಂಟು. ೧೦೫೪ರಲ್ಲಿ ಚೀನದ ಜ್ಯೋತಿಷಿಗಳು ಕಂಡು ಬರೆದಿಟ್ಟ ಸ್ಫೋಟದ ಅವಶೇಷವಾದ ಏಡಿನೀಹಾರಿಕೆ ಅವುಗಳಲ್ಲೊಂದು. ಅಂಥಲ್ಲಿ ಕಾಂತಕ್ಷೇತ್ರವು ಬಲವಾಗಿಯೂ ಪ್ಲಾಸ್ಮಾ ಹಗುರವಾಗಿಯೂ ಇದ್ದು, ಅಲೆಗಳ ವೇಗವು ಬೆಳಕಿನ ವೇಗವನ್ನು ಸಮೀಪಿಸಬಹುದು. ಆಗ ವೇಗಗಳ ಪ್ರಮಾಣವು ಒಂದಕ್ಕೆ ಹತ್ತಿರವಾಗುತ್ತದೆ. ಒಂದರ ವರ್ಗವೂ ಒಂದೇ. ಹತ್ತುಸಾವಿರದಲ್ಲೊಂದನ್ನು ಹತ್ತು ಕೋಟಿಯಲ್ಲೊಂದಕ್ಕೆ ಇಳಿಸಿದ ಆ ವರ್ಗವು ಇಲ್ಲಿ ಯಾವ ಕೇಡನ್ನೂ ಮಾಡದು. ೨೦೧೭–೧೮ರಲ್ಲಿ ಪ್ರಕಟವಾದ ಗಣಕಯಂತ್ರದ ಪ್ರಯೋಗಗಳಲ್ಲಿ ಕೋಟಿಗಟ್ಟಲೆ ಕಣಗಳನ್ನು ಇಂಥ ಕ್ಷೋಭೆಯಲ್ಲಿ ಓಡಿಸಿ ನೋಡಿದಾಗ, ಮೇಲೆ ಹೇಳಿದ ಕ್ರಮಬದ್ಧವಾದ ಇಳಿತವು ತಾನಾಗಿಯೇ ಮೂಡಿತು. ಬಂಡವಾಳದ ತೊಂದರೆಗೂ ಅಲ್ಲಿ ಸಮಾಧಾನ ದೊರೆಯಿತು. ಕ್ಷೋಭೆಯಲ್ಲಿ ಎದುರುಬದುರಾದ ಕಾಂತರೇಖೆಗಳು ತೆಳ್ಳಗಿನ ಹಾಳೆಗಳಂಥ ಪ್ರದೇಶಗಳಲ್ಲಿ ಸಂಧಿಸಿ, ಕಡಿದು, ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ. ಆ ಕ್ಷಣದಲ್ಲಿ ಅಲ್ಲಿ ಏಳುವ ವಿದ್ಯುತ್‌ಕ್ಷೇತ್ರವು ಕೆಲವು ಕಣಗಳಿಗೆ ಮೊದಲ ನೂಕನ್ನು ಕೊಡುತ್ತದೆ. ಮುಂದಿನ ಗಳಿಕೆ ಫರ್ಮಿಯವರು ಹೇಳಿದ ಹಾದಿಯಲ್ಲಿ ನಡೆಯುತ್ತದೆ. ಚೀನದ ಎತ್ತರದ ಪ್ರದೇಶದಲ್ಲಿರುವ ವೀಕ್ಷಣಾಲಯವು ೨೦೨೧ರಲ್ಲಿ ಏಡಿನೀಹಾರಿಕೆಯಿಂದ ಬಂದ, ೧ರ ಮುಂದೆ ೧೫ ಸೊನ್ನೆಗಳಿಗೂ ಮಿಗಿಲಾದ ಎಲೆಕ್ಟ್ರಾನ್‌ವೋಲ್ಟುಗಳ ಬೆಳಕಿನ ಕಣವನ್ನು ಗುರುತಿಸಿರುವುದರಿಂದ, ಅಂಥ ಸ್ಥಳಗಳಲ್ಲಿ ಗಳಿಕೆಯು ಎಷ್ಟು ತೀವ್ರವೆಂಬುದು ಸ್ಪಷ್ಟವಾಗಿದೆ.

೮

ಆಘಾತತರಂಗವೊಂದೇ ಎಲ್ಲವನ್ನೂ ಮಾಡುವುದೆಂಬ ಭಾವನೆಗೆ ಸೌರವ್ಯೂಹದ ಅಂಚಿನಲ್ಲಿಯೇ ತಡೆ ಬಂದಿದೆ. ಸೂರ್ಯನಿಂದ ಬೀಸುವ ಪ್ಲಾಸ್ಮಾದ ಗಾಳಿಯು ನಕ್ಷತ್ರಾಂತರದ ಅನಿಲಕ್ಕೆ ತಡೆದು ನಿಧಾನವಾಗುವೆಡೆಯಲ್ಲಿ ಒಂದು ದೊಡ್ಡ ಆಘಾತತರಂಗವಿದೆ. ಒಂದು ಜಾತಿಯ ಕಣಗಳು ಅಲ್ಲಿಯೇ ಶಕ್ತಿಯನ್ನು ಪಡೆಯುವುವೆಂದು ಬಹುಕಾಲದಿಂದ ನಂಬಲಾಗಿದ್ದಿತು. ವಾಯೇಜರ್ ಎಂಬ ಮೊದಲನೆಯ ನೌಕೆಯು ೨೦೦೪ರ ಡಿಸೆಂಬರಿನಲ್ಲಿ, ಸೂರ್ಯನಿಗೂ ಭೂಮಿಗೂ ಇರುವ ದೂರದ ೯೪ರಷ್ಟು ದೂರದಲ್ಲಿ ಅದನ್ನು ದಾಟಿತು. ಎರಡನೆಯದು ೨೦೦೭ರಲ್ಲಿ ದಾಟಿತು. ನಂಬಿಕೆ ನಿಜವಾಗಿದ್ದರೆ ಆ ಕಣಗಳ ದಟ್ಟಣೆ ಅಲ್ಲಿ ಪರಮಾವಧಿಗೆ ಏರಬೇಕಾಗಿತ್ತು, ಏರಲಿಲ್ಲ. ತರಂಗವನ್ನು ದಾಟಿ ಇನ್ನೂ ಹೊರಗೆ ಹೋದಂತೆ ಅವು ಹೆಚ್ಚುತ್ತಲೇ ಹೋದುವು. ತರಂಗದ ಪಕ್ಕಗಳಲ್ಲಿ ಅವು ಶಕ್ತಿಯನ್ನು ಪಡೆಯುವುವೆಂದು ಕೆಲವರೂ, ಆಚೆಯ ಕ್ಷುಬ್ಧವಾದ ವಲಯದಲ್ಲಿ ಪಡೆಯುವುವೆಂದು ಕೆಲವರೂ ವಾದಿಸುತ್ತಾರೆ. ಸೂರ್ಯನ ಕಡೆಗೆ ೨೦೧೮ರಲ್ಲಿ ಹೊರಟ ಪಾರ್ಕರ್ ನೌಕೆಯು ೨೦೨೧ರಲ್ಲಿ ಸೂರ್ಯನ ಪ್ರಭಾವಲಯವನ್ನೇ ಹೊಕ್ಕು ಅಲ್ಲಿಯ ಕ್ಷೋಭೆಯನ್ನು ಸ್ಥಳದಲ್ಲಿಯೇ ಅಳೆದಿರುವುದು ಈ ವಾದಗಳ ಪರೀಕ್ಷೆಗೆ ಹೊಸ ಸಾಧನವನ್ನು ಒದಗಿಸಿದೆ.

ಯೂಟಾದಲ್ಲಿ ಕಂಡಂಥ ಪರಮಶಕ್ತಿಯ ಕಣಗಳ ಹುಟ್ಟೆಡೆ ಮಾತ್ರ ಇನ್ನೂ ನಿರ್ಣಯವಾಗಿಲ್ಲ. ಆಕಾಶಗಂಗೆಯ ಕಾಂತಕ್ಷೇತ್ರವು ಅವುಗಳನ್ನು ಹಿಡಿದಿಡಲಾರದಾದ್ದರಿಂದ ಅವು ಹೊರಗಿನಿಂದ ಬಂದಿರಬೇಕೆಂಬುದು ಖಂಡಿತ. ಅವುಗಳ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆಗಳು ಹಿಂದಿನವೇ: ಚಲಿಸುವ ಕ್ಷೇತ್ರದ ವೇಗವೆಷ್ಟು, ಕಣವು ಅಲ್ಲಿ ಉಳಿಯುವ ಕಾಲವೆಷ್ಟು, ಅದನ್ನು ಹಿಡಿದಿಡುವ ಸ್ಥಳದ ವಿಸ್ತಾರವೆಷ್ಟು.

ಇಡಿಯ ವಿಚಾರವನ್ನು ಹಿಂದಿರುಗಿ ನೋಡಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಫರ್ಮಿಯವರ ತತ್ತ್ವವು ಸುಳ್ಳೆಂದು ಯಾರೂ ತೋರಿಸಲಿಲ್ಲ. ಅವರು ಅದನ್ನು ಅನ್ವಯಿಸಿದ ಸ್ಥಳವು ತಕ್ಕುದಾಗಿರಲಿಲ್ಲ, ಅಷ್ಟೆ. ಆಘಾತತರಂಗದ ಸಿದ್ಧಾಂತವು ಅದರಿಂದಲೇ ಕವಲೊಡೆದುದು. ಗೆಲಾಕ್ಸಿಸಮೂಹಗಳಲ್ಲಿಯೂ ಏಡಿನೀಹಾರಿಕೆಯಂಥ ಅವಶೇಷಗಳಲ್ಲಿಯೂ ಮೂಲರೂಪಕ್ಕೇ ಈಗ ಮನ್ನಣೆ ದೊರೆತಿದೆ. ಕ್ಷೋಭೆಯು ಶಕ್ತಿಯನ್ನು ಅಸಂಖ್ಯಾತ ಕಣಗಳಲ್ಲಿ ಶಾಖವಾಗಿ ಚೆದುರಿಸುವಾಗಲೇ, ಬಹುಕಾಲ ಅಲ್ಲಿ ಉಳಿದ ಕೆಲವೇ ಕಣಗಳಲ್ಲಿ ಅದನ್ನು ರಾಶಿಮಾಡುತ್ತದೆ; ಎರಡೂ ಒಂದೇ ಲೆಕ್ಕದ ಎರಡು ಪುಟಗಳು.